ಮನೆಯಲ್ಲಿ ಎಷ್ಟು ಪ್ರೈಮರ್, ಎಷ್ಟು ಪೌಡರ್ ಇಡಬೇಕು?

ಅಮೆರಿಕದಲ್ಲಿ ರೀಲೋಡಿಂಗ್ (ಹಾರಿಸಿದ ಗುಂಡಿನ ಖಾಲಿ ಕವಚಕ್ಕೆ ಮತ್ತೆ ಪೌಡರ್, ಅಂದರೆ ಮದ್ದು ತುಂಬಿ ಗುಂಡು ಮಾಡಿಕೊಳ್ಳುವುದು) ಶುರು ಮಾಡಿರುವ ನಮ್ಮವರಿಗೆ ಒಂದು ಮಾತು. 2020–21ರಲ್ಲಿ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ) ಸಿಗದೆ ಪರದಾಡಿದ್ದು ನಿಜ, ಹಾಗಂತ ಗಾಬರಿಯಲ್ಲಿ ತಂದು ರಾಶಿ ಹಾಕಬೇಡಿ. ವರ್ಷಕ್ಕೆ ಎಷ್ಟು ಗುಂಡು ಹಾರಿಸುತ್ತೀರಿ ಅಂತ ಮೊದಲು ಬರೆದಿಡಿ. ಮದ್ದನ್ನು ಗ್ರೇನ್ ಎಂಬ ಸಣ್ಣ ತೂಕದಲ್ಲಿ ಅಳೆಯುತ್ತಾರೆ; ಒಂದು ಪೌಂಡ್ ಪೌಡರ್ ಅಂದರೆ 7,000 ಗ್ರೇನ್. ರೀಲೋಡಿಂಗ್ ಮ್ಯಾನುಯಲ್ ಪ್ರಕಾರ ಪಿಸ್ತೂಲಿನ ಗುಂಡಿಗೆ 5 ಗ್ರೇನ್ ಬೇಕಿದ್ದರೆ 1,400 ಗುಂಡು ಆಗುತ್ತವೆ. ರೈಫಲ್‌ಗೆ 43 ಗ್ರೇನ್ ಆದರೆ ಬರೀ 160ರಷ್ಟು. ನನ್ನ ಲೆಕ್ಕ ಎರಡು ವರ್ಷದ ಖರ್ಚಿನಷ್ಟು, ಪ್ರೈಮರ್ ಮಾತ್ರ ತುಸು ಜಾಸ್ತಿ. ಕೊರತೆ ಬಂದಾಗ ಮೊದಲು ಮಾಯವಾಗುವುದು ಅದೇ.

ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 495ನೇ ನಿಯಮಾವಳಿ ಪ್ರಕಾರ ಮನೆಯಲ್ಲಿ 10,000 ಪ್ರೈಮರ್, 20 ಪೌಂಡ್ ಹೊಗೆರಹಿತ ಪೌಡರ್ ಇಡಬಹುದು. ಪೌಡರ್ ಅದಕ್ಕಿಂತ ಹೆಚ್ಚಾದರೆ, 50 ಪೌಂಡ್‌ವರೆಗೆ, ಒಂದಿಂಚು ದಪ್ಪದ ಮರದ ಪೆಟ್ಟಿಗೆ ಬೇಕು. ನಿಮ್ಮೂರಿನ ಫೈರ್ ಕೋಡ್, ಬಾಡಿಗೆ ಕರಾರು ಇನ್ನೂ ಬಿಗಿಯಾಗಿರಬಹುದು, ನೋಡಿಕೊಳ್ಳಿ.

ದಯವಿಟ್ಟು ಗಾಳಿಯಾಡದ ಉಕ್ಕಿನ ಡಬ್ಬದಲ್ಲಿ ಇವನ್ನು ತುಂಬಿಡಲೇಬೇಡಿ. ಬೆಂಕಿ ಬಿದ್ದರೆ ಒಳಗೆ ಒತ್ತಡ ಕಟ್ಟಿ ಅದೇ ಬಾಂಬ್ ಆಗುತ್ತದೆ. ಕಂಪನಿಯ ಮೂಲ ಡಬ್ಬಿಯಲ್ಲೇ, ಮಕ್ಕಳ ಕೈಗೆ ಸಿಗದ ತಂಪು ಜಾಗದಲ್ಲಿರಲಿ. ಬೇಸಿಗೆಯ ಗ್ಯಾರೇಜ್ ಖಂಡಿತ ಬೇಡ. ಆಗಾಗ ಪೌಡರ್ ಡಬ್ಬಿಯ ಮುಚ್ಚಳ ತೆಗೆದು ನೋಡಿ: ಮೂಗಿಗೆ ಹುಳಿ ಘಾಟು ಹೊಡೆದರೆ, ತುಕ್ಕಿನಂಥ ಕೆಂಪು ಧೂಳು ಕಂಡರೆ ಆ ಪೌಡರ್ ಕೆಟ್ಟಿದೆ, ಬಳಸಲೇಬೇಡಿ.