ಶಾಫ್ಟ್ ಮೊದಲು, ಚಾಸಿಸ್ ಆಮೇಲೆ: ಶೆಡ್ಡಿನಲ್ಲಿ ಆಲ್-ವೀಲ್-ಡ್ರೈವ್ ರೇಸ್ ಕಾರು ಕಟ್ಟುವುದು ಹೇಗೆ?

ಮನೆಯ ಶೆಡ್ಡಿನಲ್ಲಿ ರೇಸ್ ಕಾರು ಕಟ್ಟಲು ಹೊರಟವರು ಸಾಮಾನ್ಯವಾಗಿ ಪೈಪು ಕತ್ತರಿಸುವುದರಿಂದಲೇ ಶುರು ಮಾಡುತ್ತಾರೆ. ಕಿಡಿ ಹಾರುತ್ತದೆ, ಆಕಾರ ಮೂಡುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಹೇಗೋ ನಡೆದುಹೋಗುತ್ತದೆ. ನಾಲ್ಕೂ ಚಕ್ರಕ್ಕೆ ಹೋಗಬೇಕು ಅಂದರೆ ನಡೆಯುವುದಿಲ್ಲ. ಚಾಸಿಸ್, ಅಂದರೆ ಕಾರಿನ ಪೈಪಿನ ಅಸ್ಥಿಪಂಜರ, ಪೂರ್ತಿ ವೆಲ್ಡ್ ಆದ ಮೇಲೆ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಉದ್ದ ದಂಡ) ತಂದು ಹಿಡಿದರೆ, ಅದು ಹಾಯಬೇಕಾದ ಜಾಗದಲ್ಲೇ ಅಡ್ಡಪೈಪು ಕೂತಿರುತ್ತದೆ. ಅದನ್ನು ಕತ್ತರಿಸಿ, ಬಗ್ಗಿಸಿ, ತೇಪೆ ಹಾಕುವುದು. ಇಂಥ ತೇಪೆ ಚಾಸಿಸ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ಈ ಲೇಖನದ ಹೆಚ್ಚಿನ ಪಾಲು ಒಂದೇ ಹಂತಕ್ಕೆ ಹೋಗುತ್ತದೆ.

ಹಂತ 1: ನಿಯಮ ಮತ್ತು ಬಾಗಿಲು

ಯಾವ ಸ್ಪರ್ಧೆಯಲ್ಲಿ ಓಡಿಸಬೇಕೋ ಅದರ ನಿಯಮ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಆಮೇಲೆ ಶೆಡ್ಡಿನ ಬಾಗಿಲಿನ ಅಗಲ ಅಳೆಯಿರಿ. ನಗಬೇಡಿ, ಅಳೆಯಿರಿ.

ಇನ್ನೊಂದು ಪ್ರಶ್ನೆಯನ್ನೂ ಈಗಲೇ ಕೇಳಿಕೊಳ್ಳಿ. ನಿಮಗೆ ನಿಜವಾಗಿ ನಾಲ್ಕು ಚಕ್ರದ ಎಳೆತ ಬೇಕಾ? 1961ರಲ್ಲಿ ಫರ್ಗ್ಯುಸನ್ ಪಿ99 ಎಂಬ ಫೋರ್-ವೀಲ್-ಡ್ರೈವ್ ಫಾರ್ಮುಲಾ ಒನ್ ಕಾರಿನಲ್ಲಿ ಸ್ಟರ್ಲಿಂಗ್ ಮಾಸ್ ಔಲ್ಟನ್ ಪಾರ್ಕ್ ಗೋಲ್ಡ್ ಕಪ್ ಗೆದ್ದರು. 1969ರಲ್ಲಿ ಲೋಟಸ್, ಮಾತ್ರಾ, ಮೆಕ್‌ಲಾರೆನ್ ತಂಡಗಳು ಅದೇ ದಾರಿ ಹಿಡಿದು, ತೂಕ ಮತ್ತು ಗೋಜಲಿಗೆ ಬೇಸತ್ತು ಕೈಬಿಟ್ಟವು. ಆದರೆ 1980ರ ದಶಕದಲ್ಲಿ ಆಡಿ ಕ್ವಾಟ್ರೊ ಬಂದ ಮೇಲೆ ರ‍್ಯಾಲಿಯ ಲೆಕ್ಕವೇ ಬದಲಾಯಿತು. ಜಲ್ಲಿ, ಕೆಸರು, ಮಳೆ, ಬೆಟ್ಟದ ತಿರುವು, ನಿಂತಲ್ಲಿಂದ ಚಿಮ್ಮುವ ಸ್ಟಾರ್ಟ್ ಇದ್ದರೆ ಕಟ್ಟಿ. ಒಣ ಟಾರಿನ ಉದ್ದುದ್ದ ಟ್ರ್ಯಾಕ್‌ನಲ್ಲಷ್ಟೇ ಓಡಿಸುವುದಾದರೆ ಸುಮ್ನೆ ಹಿಂದಿನ ಚಕ್ರಗಳಿಗಷ್ಟೇ ಶಕ್ತಿ ಹೋಗುವ ಕಾರು ಕಟ್ಟಿಕೊಳ್ಳಿ.

ಹಂತ 2: ಒಂದೇ ಕಾರಿನಿಂದ ಎಲ್ಲ

ಎಂಜಿನ್, ಗೇರ್‌ಬಾಕ್ಸ್, ಮುಂದಿನ, ಹಿಂದಿನ ಎರಡೂ ಡಿಫರೆನ್ಷಿಯಲ್ (ಡಿಫ್, ಅಂದರೆ ಎಡ-ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಪೆಟ್ಟಿಗೆ), ಶಾಫ್ಟ್‌ಗಳು, ಹಬ್‌ಗಳು (ಚಕ್ರ ಕೂರುವ ಗುಂಬ), ವೈರಿಂಗ್, ಎಲ್ಲವೂ ಒಂದೇ ಹಳೆಯ ಕಾರಿನಿಂದ ಬರಲಿ. ಬಿಡಿ ಬಿಡಿಯಾಗಿ ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳಬೇಡಿ. ನನ್ನ ಆಯ್ಕೆ ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್. ಅದರಲ್ಲಿ ಎಂಜಿನ್ ಉದ್ದುದ್ದ ಕೂರುತ್ತದೆ. ಮುಂದಿನ ಡಿಫ್ ಗೇರ್‌ಬಾಕ್ಸ್ ಒಳಗೇ ಇದೆ, ಹಿಂದಕ್ಕೆ ಹೋಗುವ ಶಾಫ್ಟ್ ನೇರವಾಗಿ ಬಾಲದಿಂದ ಹೊರಡುತ್ತದೆ. ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ ಕೂಡ ಗಟ್ಟಿ ಗಾಡಿ. ಆದರೆ ಅದರ ಎಂಜಿನ್ ಅಡ್ಡ ಕೂರುತ್ತದೆ, ಪಕ್ಕದಲ್ಲಿ ಟ್ರಾನ್ಸ್‌ಫರ್ ಕೇಸ್ (ಹಿಂದಕ್ಕೆ ಶಕ್ತಿ ಕಳಿಸುವ ಗೇರ್ ಪೆಟ್ಟಿಗೆ) ಅಂಟಿಕೊಂಡಿರುತ್ತದೆ. ಪೈಪು ಹಾಯಿಸಲು ಜಾಗವೇ ಸಿಗುವುದಿಲ್ಲ.

ಹಂತ 3: ಪೈಪು ಮುಟ್ಟುವ ಮೊದಲು ಶಾಫ್ಟ್ ಜೋಡಿಸಿ

ಕೆಲಸ ಕೆಡುವುದು ಇಲ್ಲೇ. ರಸಮಟ್ಟ ಇಟ್ಟು ನೋಡಿದ, ಅಲುಗಾಡದ ಒಂದು ಉಕ್ಕಿನ ಮೇಜು ಬೇಕು. ಅದರ ನಡುವೆ ಉದ್ದಕ್ಕೆ ಒಂದು ಗೀಟು ಹಾಕಿ. ನಾಲ್ಕು ಹಬ್‌ಗಳನ್ನೂ ಕಾರು ನಿಂತಾಗ ಇರುವ ಎತ್ತರಕ್ಕೇ ತಾತ್ಕಾಲಿಕ ಸ್ಟ್ಯಾಂಡ್ ಮೇಲೆ ಕೂರಿಸಿ. ಚಾಲಕನ ಭಾರ ಬಿದ್ದಾಗ ಟೈರು ಎಷ್ಟು ತಗ್ಗುತ್ತದೋ ಅದನ್ನೂ ಕಳೆಯಿರಿ. ಈಗ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಡಿಫ್ ಇಟ್ಟು ನಾಲ್ಕು ವಿಷಯ ನೋಡಬೇಕು.

ಮೊದಲನೆಯದು ದಿಕ್ಕು. ಎಂಜಿನ್ ನಡುವೆ ಬರಲಿ ಎಂಬ ಆಸೆಗೆ ಎಂಜಿನ್-ಗೇರ್‌ಬಾಕ್ಸನ್ನು ಒಟ್ಟಾಗಿ ಹಿಂದುಮುಂದು ತಿರುಗಿಸಿ ಕೂರಿಸುವವರಿದ್ದಾರೆ. ಹಾಗೆ ಮಾಡಿದರೆ ಚಕ್ರಗಳೂ ಹಿಂದುಮುಂದಾಗಿ ತಿರುಗುತ್ತವೆ. ಐದು ರಿವರ್ಸ್ ಗೇರ್, ಒಂದು ಮುಂದಿನ ಗೇರ್ ಇರುವ ಕಾರು ಸಿಗುತ್ತದೆ. ಮೊದಲ ಗೇರಿಗೆ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಕೈಯಿಂದ ತಿರುಗಿಸಿ, ಪ್ರತಿ ಫ್ಲ್ಯಾಂಜ್ (ಶಾಫ್ಟ್ ಬೋಲ್ಟ್ ಆಗುವ ಬಿಲ್ಲೆ) ಮೇಲೂ ಬಣ್ಣದಲ್ಲಿ ಬಾಣದ ಗುರುತು ಹಾಕಿ. ಹಿಂದಿನ ಡಿಫ್ ಒಂದನ್ನು ತಿರುಗಿಸಿ ಮುಂದಕ್ಕೆ ಬಳಸುವ ಉಪಾಯವೂ ಇದೆ. ಚಕ್ರ ಸರಿಯಾಗಿಯೇ ತಿರುಗುತ್ತದೆ. ಆದರೆ ಡಿಫ್ ಒಳಗಿನ ದೊಡ್ಡ ಗೇರಾದ ಕ್ರೌನಿನ ಹಲ್ಲಿನ ಹಿಂಬದಿಯ ಮೇಲೆ ಭಾರ ಬೀಳುತ್ತದೆ. ಆ ಬದಿ ಅಷ್ಟು ಭಾರಕ್ಕೆಂದು ಮಾಡಿದ್ದಲ್ಲ.

ಎರಡನೆಯದು ರೇಶಿಯೋ. ಮುಂದಿನ ಮತ್ತು ಹಿಂದಿನ ಡಿಫ್ ಒಂದೇ ಲೆಕ್ಕದಲ್ಲಿ ತಿರುಗಬೇಕು. ಕಾರು ಕಟ್ಟಿ ಮುಗಿದ ಮೇಲೆ ಇದನ್ನು ನೋಡುವುದು ಮದುವೆಯಾದ ಮೇಲೆ ಜಾತಕ ನೋಡಿದ ಹಾಗೆ. ಮೇಲಿನ ಚೀಟಿ ನಂಬಬೇಡಿ, ಹಲ್ಲು ಎಣಿಸಿ. ಕ್ರೌನಿನಲ್ಲಿ 41, ಅದನ್ನು ತಿರುಗಿಸುವ ಚಿಕ್ಕ ಗೇರಾದ ಪಿನಿಯನ್‌ನಲ್ಲಿ 10 ಇದ್ದರೆ 4.1. 37ಕ್ಕೆ 9 ಇದ್ದರೆ 4.11. ಇವೆರಡರ ನಡುವಿನ ವ್ಯತ್ಯಾಸ ಟೈರು ಸವೆತದಲ್ಲೇ ಮುಚ್ಚಿಹೋಗುತ್ತದೆ. ಆದರೆ ಒಂದು ಕಡೆ 3.9, ಇನ್ನೊಂದು ಕಡೆ 4.11 ಬಿದ್ದರೆ ನೂರಕ್ಕೆ ಐದು ಸುತ್ತಿಗಿಂತ ಜಾಸ್ತಿ ವ್ಯತ್ಯಾಸ. ನೇರ ರಸ್ತೆಯಲ್ಲೂ ಗೇರ್‌ಬಾಕ್ಸಿನಲ್ಲೇ ಇರುವ, ಮುಂದೆ-ಹಿಂದೆ ಶಕ್ತಿ ಹಂಚುವ ನಡುವಿನ ಡಿಫ್ ಬಿಡುವಿಲ್ಲದೆ ಜಾರುತ್ತದೆ, ಅದರ ಜಾರಾಟ ತಡೆಯುವ, ದಪ್ಪ ದ್ರವ ತುಂಬಿದ ವಿಸ್ಕಸ್ ಕಪ್ಲಿಂಗ್ ಬೆಂದುಹೋಗುತ್ತದೆ. ನಡುವಿನ ಡಿಫ್ ಲಾಕ್ ಮಾಡಿದ್ದರೆ ಇನ್ನೂ ಕಷ್ಟ, ಎಲ್ಲೋ ಒಂದು ಹಲ್ಲು ಮುರಿಯಲೇಬೇಕು.

ಡಿಫ್ ಬಿಚ್ಚಲು ಮನಸ್ಸಿಲ್ಲದಿದ್ದರೆ ಹೀಗೆ ಮಾಡಿ. ಪಿನಿಯನ್ ಫ್ಲ್ಯಾಂಜ್ ಮೇಲೆ ಗುರುತು ಹಾಕಿ, ಎಡ-ಬಲದ ಎರಡೂ ಔಟ್‌ಪುಟ್‌ಗಳನ್ನು ಒಟ್ಟಿಗೆ ಹತ್ತು ಸುತ್ತು ತಿರುಗಿಸಿ. ಫ್ಲ್ಯಾಂಜ್ 41 ಸುತ್ತು ಬಂದರೆ 4.1, 39 ಬಂದರೆ 3.9. ಸುಬಾರುವಿನಲ್ಲಿ ಒಂದು ಬಲೆಯೂ ಇದೆ. ಕೆಲವು 5 ಗೇರಿನ ಬಾಕ್ಸ್‌ಗಳಲ್ಲಿ ಮುಂದೆ 3.9 ಇದ್ದರೆ ಹಿಂದಿನ ಡಿಫ್ 3.545. ತಪ್ಪು ಡಿಫ್ ಬಂತು ಅಂತ ಬದಲಾಯಿಸಲು ಓಡಬೇಡಿ. ಹಿಂದಕ್ಕೆ ಹೋಗುವ ದಾರಿಯಲ್ಲಿ 1.1ರ ಗೇರ್ ಜೋಡಿ ಇದೆ. ಗುಣಿಸಿ ನೋಡಿದರೆ ಸರಿಯಾಗಿ 3.9 ಬರುತ್ತದೆ. ಒಂದೇ ಕಾರಿನಿಂದ ಎಲ್ಲ ತನ್ನಿ ಅಂದದ್ದು ಇದಕ್ಕೇ.

ಮೂರನೆಯದು ಕೋನ. ಶಾಫ್ಟಿನ ತುದಿಯಲ್ಲಿ ಪ್ಲಸ್ ಆಕಾರದ ಕ್ರಾಸ್ ಇರುವ ಜಾಯಿಂಟ್ ಬಾಗಿದಾಗ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿ ಇಳಿಯುತ್ತದೆ. ಶಾಫ್ಟಿನ ಇನ್ನೊಂದು ತುದಿಯ ಜಾಯಿಂಟ್ ಅಷ್ಟೇ ಕೋನದಲ್ಲಿದ್ದರೆ ಆ ಏರಿಳಿತ ವಜಾ ಆಗುತ್ತದೆ. ಇಲ್ಲದಿದ್ದರೆ ನಡುಕ. ಆಯಸ್ಕಾಂತದ ಡಿಜಿಟಲ್ ಆ್ಯಂಗಲ್ ಗೇಜನ್ನು ಗೇರ್‌ಬಾಕ್ಸ್ ಫ್ಲ್ಯಾಂಜ್, ಶಾಫ್ಟ್, ಡಿಫ್ ಫ್ಲ್ಯಾಂಜ್ ಮೂರಕ್ಕೂ ಹಿಡಿಯಿರಿ. ಎರಡು ಫ್ಲ್ಯಾಂಜ್ ಪರಸ್ಪರ ಸಮಾಂತರ ಇರಬೇಕು. ಪ್ರತಿ ಜಾಯಿಂಟಿನ ಬಾಗು 1ರಿಂದ 3 ಡಿಗ್ರಿ ಒಳಗಿರಲಿ. ಸೊನ್ನೆ ಮಾಡಿದರೆ ಇನ್ನೂ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ಅಲ್ಲ. ಕ್ರಾಸಿನೊಳಗಿನ ಸೂಜಿ ಬೇರಿಂಗ್ ಸ್ವಲ್ಪವಾದರೂ ಉರುಳಬೇಕು, ಇಲ್ಲದಿದ್ದರೆ ನಿಂತಲ್ಲೇ ಕೊರೆದು ಗುಳಿ ಮಾಡುತ್ತದೆ.

ಶಾಫ್ಟಿನ ಎರಡೂ ತುದಿಯ ಯೋಕ್ ಕಿವಿಗಳು (ಕ್ರಾಸನ್ನು ಹಿಡಿಯುವ ಕವಲುಗಳು) ಒಂದೇ ಸಾಲಿನಲ್ಲಿ ನಿಲ್ಲಬೇಕು. ಸ್ಪ್ಲೈನ್ (ಜಾರುವ ಹಲ್ಲಿನ ಜೋಡಣೆ) ಎಳೆಯುವ ಮೊದಲು ಬಣ್ಣದ ಗುರುತು ಹಾಕದಿದ್ದರೆ ಒಂದು ಹಲ್ಲು ಪಕ್ಕಕ್ಕೆ ಕೂತು ಎಲ್ಲ ಲೆಕ್ಕ ಕೆಡುತ್ತದೆ. ಇಷ್ಟೆಲ್ಲ ಯಾಕೆ ಅಂದರೆ, ಟೈರಿನ ಸುತ್ತಳತೆ 1.95 ಮೀಟರ್, ರೇಶಿಯೋ 4.1 ಇರುವಾಗ ಗಂಟೆಗೆ 200 ಕಿ.ಮೀ. ವೇಗದಲ್ಲಿ ಆ ಶಾಫ್ಟ್ ನಿಮಿಷಕ್ಕೆ ಸುಮಾರು 7,000 ಸುತ್ತು ತಿರುಗುತ್ತದೆ. ಅದೂ ನಿಮ್ಮ ತೊಡೆಯ ಪಕ್ಕದಲ್ಲಿ. ಉದ್ದ ಕಡಿಮೆ ಮಾಡಿದ ಶಾಫ್ಟನ್ನು ಬ್ಯಾಲೆನ್ಸಿಂಗ್ ಮೆಷಿನ್ ಇರುವವರ ಕೈಯಲ್ಲೇ ಮಾಡಿಸಿ. ಅದು ಮುರಿದರೆ ಹಿಡಿದು ನಿಲ್ಲಿಸಲು ಸುತ್ತ ಉಕ್ಕಿನ ಬಳೆ ಹಾಕಿ.

ನಾಲ್ಕನೆಯದು ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್. ಅದರ ಒಳತುದಿಯ ಟ್ರೈಪಾಡ್ ಜಾಯಿಂಟ್ (ಮೂರು ರೋಲರಿನ ಕೀಲು) ಒಳಗೆ ಹೊರಗೆ ಸ್ವಲ್ಪವೇ ಜಾರುತ್ತದೆ. ಎಷ್ಟು ಬೇಕು ಅಂತ ಊಹಿಸಬೇಡಿ. ರಬ್ಬರ್ ಬೂಟ್ ಬಿಚ್ಚಿ, ಗ್ರೀಸ್ ಒರೆಸಿ, ಹೌಸಿಂಗಿನ ಒಳಗೋಡೆಗೆ ಮಾರ್ಕರ್ ಬಳಿಯಿರಿ. ಸ್ಪ್ರಿಂಗ್ ಇಲ್ಲದೆ ಚಕ್ರವನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ ಆಡಿಸಿ. ಮುಂದಿನ ಚಕ್ರವಾದರೆ ಸ್ಟೀರಿಂಗನ್ನೂ ಎರಡು ಕಡೆ ಕೊನೆಯವರೆಗೆ ತಿರುಗಿಸಿ. ರೋಲರ್ ಓಡಿದ ಕಡೆ ಬಣ್ಣ ಅಳಿಸಿ ಹೊಳೆಯುವ ಗೀಟು ಕಾಣುತ್ತದೆ. ಆ ಗೀಟಿನ ಎರಡೂ ತುದಿಯಲ್ಲಿ ಕನಿಷ್ಠ 5 ಮಿಲಿಮೀಟರ್ ಬಣ್ಣ ಉಳಿದಿರಬೇಕು. ಒಳಬದಿಯಲ್ಲಿ ಉಳಿಯದಿದ್ದರೆ ಶಾಫ್ಟ್ ಡಿಫ್‌ಗೆ ಗುದ್ದುತ್ತದೆ, ಹೊರಬದಿಯಲ್ಲಿ ಉಳಿಯದಿದ್ದರೆ ಕಳಚಿ ಬರುತ್ತದೆ. ಶಾಫ್ಟ್ ಗಿಡ್ಡವಾಯಿತು ಅಂತ ಕತ್ತರಿಸಿ, ಕೊಳವೆ ತೂರಿಸಿ ವೆಲ್ಡ್ ಮಾಡುವ ಅಡ್ಡದಾರಿ ಬೇಡವೇ ಬೇಡ. ಹದ ಮಾಡಿದ ಉಕ್ಕು ಅದು, ವೆಲ್ಡಿಂಗ್ ಬಿಸಿಗೆ ಹದ ಹೋಗುತ್ತದೆ. ಹೊಸದು ಮಾಡಿಸಿ.

ಹಂತ 4: ಈಗ ಚಾಸಿಸ್

ಎಲ್ಲ ಸರಿ ಇದ್ದರೆ ಅವುಗಳ ಸುತ್ತ ಪೈಪು ಕಟ್ಟಿ. ರೋಲ್ ಕೇಜಿಗೆ (ಕಾರು ಮಗುಚಿದರೆ ಚಾಲಕನನ್ನು ಕಾಯುವ ಪೈಪಿನ ಪಂಜರ) ಅಂತಾರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮ ಕೇಳುವುದು ಕೋಲ್ಡ್ ಡ್ರಾನ್ (ತಣ್ಣಗೆ ಎಳೆದ), ಜೋಡಣೆಯ ಗೆರೆಯಿಲ್ಲದ ಸೀಮ್‌ಲೆಸ್ ಉಕ್ಕು. ಮುಖ್ಯ ಕಮಾನಿಗೆ (ವ್ಯಾಸ × ದಪ್ಪ) 45 × 2.5 ಮಿ.ಮೀ. ಅಥವಾ 50 × 2 ಮಿ.ಮೀ., ಉಳಿದ ಮುಖ್ಯ ಭಾಗಗಳಿಗೆ 38 × 2.5 ಅಥವಾ 40 × 2. ನೀರಿನ ಪೈಪು ತರಬೇಡಿ. ಸತು ಲೇಪನದ್ದಾದರೆ ವೆಲ್ಡಿಂಗ್ ಹೊಗೆಯೂ ವಿಷ.

ಮೊದಲು ಎಲ್ಲ ಕಡೆ ಟ್ಯಾಕ್ (ಚುಕ್ಕೆ ವೆಲ್ಡ್) ಮಾತ್ರ. ಕರ್ಣಗಳನ್ನು ಅಳೆಯಿರಿ. ಆಮೇಲೆ ಎಡಕ್ಕೊಂದು, ಬಲಕ್ಕೊಂದು ಚಿಕ್ಕ ಚಿಕ್ಕ ವೆಲ್ಡ್. ಒಂದೇ ಮೂಲೆಯನ್ನು ಹಿಡಿದು ಮುಗಿಸಿದರೆ ಚಾಸಿಸ್ ಅತ್ತ ಎಳೆದುಕೊಳ್ಳುತ್ತದೆ. ಪೈಪು ಒರೆಸಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಮಾತ್ರ ಬಳಸಬೇಡಿ. ವೆಲ್ಡಿಂಗ್ ಆರ್ಕ್ ತಗುಲಿದರೆ ಫಾಸ್ಜೀನ್ ಅನಿಲ ಹುಟ್ಟುತ್ತದೆ, ಅದು ಪ್ರಾಣ ತೆಗೆಯುವ ಅನಿಲ. ಅಸಿಟೋನ್ ಸಾಕು. ಅದು ಪೂರ್ತಿ ಆರಿದ ಮೇಲೆ, ಡಬ್ಬ ದೂರ ಇಟ್ಟು ವೆಲ್ಡ್ ಮಾಡಿ.

ಕೊನೆಗೆ ತಿಳಿ ಬೂದು ಬಣ್ಣ ತೆಳುವಾಗಿ ಹೊಡೆಯಿರಿ. ಪೌಡರ್ ಕೋಟಿಂಗ್ ನನಗೆ ಆಗದು. ದಪ್ಪ ಪದರದ ಕೆಳಗೆ ಬಿರುಕು ಬಿಟ್ಟರೆ ಕಾಣುವುದೇ ಇಲ್ಲ.

ಹಂತ 5: ಸಸ್ಪೆನ್ಷನ್, ಬ್ರೇಕ್, ಸೀಟು

ಹಳೆಯ ಕಾರಿನ ಹಬ್, ಬ್ರೇಕ್ ಹಾಗೇ ಬಳಸಿ. ಬ್ರೇಕಿಗೆ ಎರಡು ಪ್ರತ್ಯೇಕ ಸರ್ಕ್ಯೂಟ್. ರಾಡ್ ಎಂಡ್‌ಗಳನ್ನು (ಸಸ್ಪೆನ್ಷನ್ ತೋಳಿನ ತುದಿಯ ಗುಂಡು ಕೀಲು) ಎರಡು ಪ್ಲೇಟ್ ನಡುವೆ ಹಿಡಿಸಿ, ಒಂದೇ ಪ್ಲೇಟಿಗೆ ನೇತುಹಾಕಬೇಡಿ. ಪೊಟ್ಟಣದಿಂದ ತೆಗೆದಾಗಲೇ ಲೊಡಲೊಡ ಅನ್ನುವ ಅಗ್ಗದ ರಾಡ್ ಎಂಡ್ ಬಂದರೆ ವಾಪಸ್ ಮಾಡಿ. ಬೆಲ್ಟಿನ ಭುಜದ ಪಟ್ಟಿ ಸೀಟಿನ ಹಿಂದೆ ಹೆಚ್ಚುಕಡಿಮೆ ಮಟ್ಟವಾಗಿ ಹೋಗಲಿ. ನೇರ ನೆಲಕ್ಕೆ ಎಳೆದು ಕಟ್ಟಿದರೆ ಡಿಕ್ಕಿಯಾದಾಗ ಬೆನ್ನುಮೂಳೆ ಕುಸಿಯುತ್ತದೆ.

ಹಂತ 6: ಮೊದಲ ಓಟ

ಶೆಡ್ಡಿನ ಬಾಗಿಲು ತೆರೆದಿಡಿ, ಹೊಗೆ ಹೊರಗೆ ಹೋಗಲಿ. ಗೇರ್ ಪರೀಕ್ಷಿಸುವಾಗ ನಾಲ್ಕೂ ಚಕ್ರ ಗಟ್ಟಿ ಸ್ಟ್ಯಾಂಡ್ ಮೇಲೆ, ನೆಲದಿಂದ ಮೇಲಿರಬೇಕು. ಮುಂದಿನ ಎರಡನ್ನು ಮಾತ್ರ ಎತ್ತಿ ಗೇರ್ ಹಾಕಿದರೆ ಹಿಂದಿನ ಚಕ್ರ ಕಾರನ್ನು ಸ್ಟ್ಯಾಂಡಿನಿಂದ ಗೋಡೆಗೆ ತಳ್ಳಬಹುದು. ಎರಡು ಚಕ್ರ ಎತ್ತಿ ಎಳೆದುಕೊಂಡು ಹೋಗುವುದೂ ಬೇಡ.

ನಾಲ್ಕೂ ಟೈರು ಒಂದೇ ಅಳತೆ, ಒಂದೇ ಸವೆತದ್ದಿರಲಿ. ನಿಧಾನವಾಗಿ ಕೆಲವು ಸುತ್ತು ಹಾಕಿ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಮುಂದಿನ ಡಿಫ್, ನಡುವಿನದು, ಹಿಂದಿನದು ಮೂರರ ಬಿಸಿಯನ್ನೂ ನೋಡಿ. ನಡುವಿನದು ಮಾತ್ರ ಉಳಿದವಕ್ಕಿಂತ ತುಂಬಾ ಬಿಸಿಯಾಗಿದ್ದರೆ ಟೈರಿನ ಗಾಳಿ ಮತ್ತು ಸುತ್ತಳತೆ ನೋಡಿ. ಅದೂ ಸರಿ ಇದ್ದರೆ ಕಾರನ್ನು ಓಡಿಸಬೇಡಿ, ತಳ್ಳಿಕೊಂಡು ಶೆಡ್ಡಿಗೆ ತಂದು ಹಲ್ಲು ಮತ್ತೆ ಎಣಿಸಿ.