ಝಾರಸ್ 5500ರಲ್ಲಿ ಆಲೆಮನೆಯ ತೂಕದ ಲೆಕ್ಕ: ನಾನು ಮಾಡಿಕೊಂಡ ಬಗೆ

ಶಾರ್ಪ್ ಝಾರಸ್ ಎಸ್‌ಎಲ್-5500 ಎಂಬ ಅಂಗೈ ಗಾತ್ರದ ಲಿನಕ್ಸ್ ಕಂಪ್ಯೂಟರ್ ಮಾರುಕಟ್ಟೆಗೆ ಬಂದದ್ದು 2002ರಲ್ಲಿ. 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಪ್ರೊಸೆಸರ್, 64 ಎಂಬಿ ರ‍್ಯಾಮ್, 16 ಎಂಬಿ ಫ್ಲ್ಯಾಶ್, 240×320ರ ಪರದೆ. ಇಂಥದೇ ಕೈ ಕಂಪ್ಯೂಟರ್‌ಗಳಾದ ಬೆಂಗಳೂರಿನ ಸಿಂಪ್ಯೂಟರ್‌ನಲ್ಲೂ ಕಾಂಪ್ಯಾಕ್‌ನ ಐಪ್ಯಾಕ್ 3600ರಲ್ಲೂ ಇದೇ ಚಿಪ್. ಮಂಡ್ಯ ಕಡೆಯ ಒಂದು ಆಲೆಮನೆಗೆ ಕಬ್ಬಿನ ತೂಕ, ಮುಂಗಡ, ಬಾಕಿ ಬರೆದಿಡುವ ಸಣ್ಣ ಪ್ರೋಗ್ರಾಮನ್ನು ಮೈಸೂರಿನಲ್ಲಿ ಕೂತು ಇದಕ್ಕಾಗಿ ಬರೆದೆ. ಇಷ್ಟು ಹಳೆಯದು ಯಾಕೆ ಅಂದರೆ, ಪರದೆ. ಬೆಳಕನ್ನು ವಾಪಸ್ ಎರಚುವ ಬಗೆಯದಾದ್ದರಿಂದ ಬಿಸಿಲು ಬಿದ್ದಷ್ಟೂ ಅಂಕಿ ಎದ್ದು ಕಾಣುತ್ತದೆ. ಕೆಳಗೆ ಜಾರಿಸಿದರೆ ಒತ್ತುವ ಕೀಲಿಮಣೆಯೂ ಇದೆ; ಬೆಲ್ಲದ ಅಂಟು ಕೈಗೆ ಟಚ್‌ಗಿಂತ ಅದೇ ವಾಸಿ.

ಮೊದಲು ತೀರ್ಮಾನಿಸಬೇಕಾದ್ದು ರ‍್ಯಾಮ್ ಹಂಚಿಕೆ. ಶಾರ್ಪ್ ಹಾಕಿ ಕೊಟ್ಟ ಮೂಲ ವ್ಯವಸ್ಥೆಯಲ್ಲಿ 32 ಎಂಬಿ ಕೆಲಸಕ್ಕೆ, 32 ಎಂಬಿ ಕಡತ ಇಡುವ ರ‍್ಯಾಮ್‌ಡಿಸ್ಕ್‌ಗೆ. ಅಂದರೆ ಬ್ಯಾಟರಿ ಪೂರ್ತಿ ಸತ್ತರೆ ಅಲ್ಲಿ ಇಟ್ಟದ್ದೂ ಹೋಯಿತು. ಲೆಕ್ಕದ ಪುಸ್ತಕಕ್ಕೆ ಇದು ಆಗದ ಮಾತು. ಅದರ ಬದಲು ಹಾಕಿಕೊಳ್ಳಬಹುದಾದ ಉಚಿತ ಲಿನಕ್ಸ್ ವ್ಯವಸ್ಥೆ ಓಪನ್‌ಝಾರಸ್‌ನಲ್ಲಿ 64-0, 48-16, 32-32 ಎಂದು ಬೇರೆ ಬೇರೆ ಕರ್ನಲ್ (ವ್ಯವಸ್ಥೆಯ ತಿರುಳು) ಸಿಗುತ್ತವೆ. ನಾನು 64-0 ಹಾಕಿದೆ. ರ‍್ಯಾಮ್‌ಡಿಸ್ಕ್ ಇರುವುದಿಲ್ಲ, ಆದ್ದರಿಂದ ಪ್ರೋಗ್ರಾಮ್ ಎಸ್‌ಡಿ ಕಾರ್ಡ್‌ಗೆ ಹೋಗಲೇಬೇಕು.

ಫ್ಲ್ಯಾಶ್ ಮಾಡುವುದು, ಅಂದರೆ ಯಂತ್ರದೊಳಗೆ ಹೊಸ ವ್ಯವಸ್ಥೆ ಬರೆಯುವುದು, ಹೀಗೆ. ಫ್ಯಾಟ್ ಫಾರ್ಮ್ಯಾಟ್‌ನ ಚಿಕ್ಕ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್‌ನಲ್ಲಿ ಕರ್ನಲ್ ಮತ್ತು ಇನಿಟ್‌ಆರ್‌ಡಿ (ವ್ಯವಸ್ಥೆಯ ಉಳಿದ ಕಡತಗಳ ಕಟ್ಟು), ಎರಡು ಕಡತ ಮಾತ್ರ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು, ಅಡಾಪ್ಟರೂ ಸಿಕ್ಕಿಸಿರಬೇಕು. ಸಿ ಮತ್ತು ಡಿ ಕೀಗಳನ್ನು ಒಟ್ಟಿಗೆ ಅದುಮಿಕೊಂಡು ರೀಸೆಟ್ ಒತ್ತಿದರೆ ಎರಡು ದೀಪ ಹತ್ತುತ್ತವೆ. ಎರಡೂ ಆರುವವರೆಗೆ ಮುಟ್ಟಬಾರದು. ಆಮೇಲೆ ಯಂತ್ರ ಆನ್ ಆಗದಿದ್ದರೆ ಗಾಬರಿ ಬೇಡ, ಮೊದಲು ಹಿಂದಿನ ಬ್ಯಾಟರಿ ಮುಚ್ಚಳದ ಚಿಲಕ ನೋಡಿ. ಅದು ಸರಿದಿದ್ದರೆ ಕರೆಂಟೇ ಹರಿಯುವುದಿಲ್ಲ.

2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡ್‌ಗಳ ಎಸ್‌ಡಿಎಚ್‌ಸಿ ಮಾನದಂಡ ಬಂದದ್ದೇ 2006ರಲ್ಲಿ, ಈ ಯಂತ್ರಕ್ಕೆ ಅದು ಗೊತ್ತಿಲ್ಲ. 1 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಹಳೆಯ ಕಾರ್ಡ್ ಹುಡುಕಿ, ಇಎಕ್ಸ್‌ಟಿ2 ಫಾರ್ಮ್ಯಾಟ್ ಮಾಡಿ. ಫ್ಯಾಟ್ ಆದರೆ ಸಿಮ್‌ಲಿಂಕ್ (ಬೇರೆಡೆ ಇರುವ ಕಡತವನ್ನು ತೋರಿಸುವ ಕೊಂಡಿ) ನಿಲ್ಲುವುದಿಲ್ಲ. ಕಾರ್ಡ್‌ನಲ್ಲಿ ಹಾಕಿದ ಪ್ಯಾಕೇಜನ್ನು ಮೂಲ ಕಡತವ್ಯವಸ್ಥೆಗೆ ಜೋಡಿಸುವ ಐಪಿಕೆಜಿ-ಲಿಂಕ್‌ನ ಕೆಲಸವೆಲ್ಲ ಸಿಮ್‌ಲಿಂಕ್ ಮೇಲೆಯೇ.

ಕಂಪೈಲರ್ ಆಯ್ಕೆಯಲ್ಲಿ ಹುಷಾರು. ಶಾರ್ಪ್‌ನ ಮೂಲ ವ್ಯವಸ್ಥೆಯ ಕ್ಯೂಟಿ ಎಂಬೆಡೆಡ್ 2.3 (ಪರದೆಯ ಮೇಲೆ ಗುಂಡಿ, ಅಕ್ಷರ ತೋರಿಸುವ ಲೈಬ್ರರಿ) ತಯಾರಾದದ್ದು ಜಿಸಿಸಿ ಕಂಪೈಲರ್‌ನ 2.95ನೇ ಆವೃತ್ತಿಯಲ್ಲಿ. ಸಿ++ನ ಎಬಿಐ (ಬೈನರಿಗಳು ಒಂದಕ್ಕೊಂದು ಜೋಡಿಯಾಗುವ ಕ್ರಮ) 3ನೇ ಆವೃತ್ತಿಯಲ್ಲಿ ಬದಲಾಯಿತು, ಆದ್ದರಿಂದ ಒಂದರ ಬೈನರಿ ಇನ್ನೊಂದರ ಲೈಬ್ರರಿಯೊಂದಿಗೆ ಕೂಡುವುದಿಲ್ಲ. ಓಪನ್‌ಝಾರಸ್‌ನ ಯಾವ ಆವೃತ್ತಿ ಹಾಕಿದಿರೋ ಅದರದೇ ಕಂಪೈಲರ್ ಬಳಸಿ. ಪಿಸಿಯಲ್ಲಿ ಓಡಿ ಝಾರಸ್‌ಗೆ ಬೈನರಿ ಮಾಡಿಕೊಡುವ ಆ ಕಾಲದ ಕ್ರಾಸ್ ಕಂಪೈಲರ್‌ಗಳು 32 ಬಿಟ್‌ನವು. ಇವತ್ತಿನ 64 ಬಿಟ್ ಡೆಬಿಯನ್‌ನಲ್ಲಿ ಐ386 ಆರ್ಕಿಟೆಕ್ಚರ್ ಸೇರಿಸಿ ಅದರ ಸಿ ಲೈಬ್ರರಿ ಹಾಕದಿದ್ದರೆ, ಕಡತ ಕಣ್ಣೆದುರೇ ಇದ್ದರೂ 'ಕಡತ ಇಲ್ಲ' ಎನ್ನುತ್ತದೆ.

ಪಿಸಿಯ ಎಮ್ಯುಲೇಟರ್‌ನಲ್ಲಿ ಓಡಿದ್ದು ಕೈಯಲ್ಲಿನ ಯಂತ್ರದಲ್ಲಿ ಓಡದಿರಲು ಮುಖ್ಯ ಕಾರಣ ಎರಡು. ಆರ್ಮ್ ಲಿನಕ್ಸ್‌ನಲ್ಲಿ ಚಾರ್ ಎಂಬುದು ಅನ್‌ಸೈನ್ಡ್, ಅಂದರೆ ಋಣ ಸಂಖ್ಯೆ ಹಿಡಿಯದು. ಕಡತದಿಂದ ಒಂದೊಂದೇ ಅಕ್ಷರ ಓದಿ ಚಾರ್‌ನಲ್ಲಿ ಇಟ್ಟು, ಕಡತ ಮುಗಿಯಿತು ಎಂದು ಸೂಚಿಸುವ ಮೈನಸ್ ಒಂದಕ್ಕೆ ಹೋಲಿಸಿದರೆ ಲೂಪ್ ಎಂದೂ ಮುಗಿಯುವುದಿಲ್ಲ, ಇಂಟ್ ಬಳಸಿ. ಎರಡನೆಯದು ಅಲೈನ್‌ಮೆಂಟ್. ನಾಲ್ಕರಿಂದ ಭಾಗವಾಗದ ವಿಳಾಸದಿಂದ ಇಂಟ್ ಓದಿದರೆ ಸ್ಟ್ರಾಂಗ್‌ಆರ್ಮ್ ಕ್ರ್ಯಾಶ್ ಕೂಡ ಆಗದೆ ಬೈಟುಗಳನ್ನು ತಿರುಗಿಸಿ ಕೊಟ್ಟುಬಿಡಬಹುದು. ಲೆಕ್ಕದಲ್ಲಿ ಇದಕ್ಕಿಂತ ಅಪಾಯ ಇನ್ನೊಂದಿಲ್ಲ. ಅದಕ್ಕೇ ದಾಖಲೆಗಳನ್ನು ಸ್ಟ್ರಕ್ಟ್ (ಮೆಮೊರಿಯಲ್ಲಿದ್ದಂತೆಯೇ ಬೈಟುಗಳ ಕಟ್ಟು) ಆಗಿ ಬರೆಯದೆ ಸಾದಾ ಪಠ್ಯದ ಸಾಲುಗಳಾಗಿ ಬರೆದೆ.

ಈ ಚಿಪ್‌ಗೆ ಫ್ಲೋಟಿಂಗ್ ಪಾಯಿಂಟ್ ಘಟಕ ಇಲ್ಲ. ದಶಮಾಂಶದ ಪ್ರತಿ ಗುಣಾಕಾರವನ್ನೂ ಸಾಫ್ಟ್‌ವೇರೇ ಅನುಕರಿಸಬೇಕು, ನಿಧಾನ. ಹಣಕ್ಕೆ ಹೇಗೂ ಫ್ಲೋಟ್ ಸಲ್ಲದು, ಪೈಸೆಯನ್ನು ಪೂರ್ಣಾಂಕವಾಗಿ ಇಡಿ. ಆದರೆ 32 ಬಿಟ್‌ನ ಮಿತಿ ನೆನಪಿರಲಿ. ಟನ್‌ಗೆ 2,700 ರೂಪಾಯಿ ದರ ಎಂದುಕೊಳ್ಳಿ, ಅಂದರೆ 2,70,000 ಪೈಸೆ. ಅದನ್ನು ಕೆಜಿಯಿಂದ ಗುಣಿಸಿ ಕೊನೆಗೆ 1000ದಿಂದ ಭಾಗಿಸಿದರೆ 7,953 ಕೆಜಿವರೆಗೆ ಉತ್ತರ ಸರಿ. 7,954 ಕೆಜಿಗೆ ಗುಣಲಬ್ಧ 214,75,80,000 ಆಗಿ ಮಿತಿ ದಾಟಿ ಋಣ ಸಂಖ್ಯೆಯಾಗುತ್ತದೆ, ರೈತನೇ ಆಲೆಮನೆಗೆ ಇಪ್ಪತ್ತೊಂದು ಸಾವಿರ ಕೊಡಬೇಕು ಎಂದು ಪರದೆ ಹೇಳುತ್ತದೆ! ಗಾಡಿ ಕಬ್ಬಿನಲ್ಲಿ ಇದು ಎಂದೂ ಕಾಣಿಸದು, ತುಂಬಿದ ಟ್ರ್ಯಾಕ್ಟರ್ ಬಂದಾಗಲೇ ಕಾಣಿಸುತ್ತದೆ. ದರವನ್ನು ಕೆಜಿಗೆ 270 ಪೈಸೆ ಎಂದು ಇಟ್ಟುಕೊಂಡರೆ ತೊಂದರೆಯೇ ಇಲ್ಲ. ಟನ್ ದರ ಹತ್ತು ರೂಪಾಯಿಯ ಗುಣಕದಲ್ಲಿರುವಷ್ಟು ಕಾಲ ಇದು ನಿಖರ. ಇಲ್ಲದಿದ್ದರೆ 64 ಬಿಟ್‌ನ ಲಾಂಗ್ ಲಾಂಗ್ ಬಳಸಿ.

ಕನ್ನಡದ ವಿಷಯ. ಕ್ಯೂಟಿ 2.3ಕ್ಕೆ ಅಕ್ಷರ ಜೋಡಿಸುವ ವಿದ್ಯೆ ಗೊತ್ತಿಲ್ಲ. ಯುನಿಕೋಡ್ ಫಾಂಟ್ ಹಾಕಿದರೂ ಕಬ್ಬು, ಒಟ್ಟು, ಬಾಕಿ ಎಲ್ಲವೂ ಚೆದುರುತ್ತವೆ. ಒತ್ತು, ಗುಣಿತ ಎರಡೂ ಇಲ್ಲದ 'ದರ' ಒಂದೇ ಸರಿಯಾಗಿ ಬರುವುದು. ಕ್ಯೂಟಿಯನ್ನೇ ತಿದ್ದಲು ಹೊರಟರೆ ವರ್ಷ ಸಾಲದು. ಪರದೆಯ ಮೇಲಿನ ಪದಗಳು ಬೆರಳೆಣಿಕೆಯಷ್ಟೇ ಆದ್ದರಿಂದ ಪ್ರತಿಯೊಂದನ್ನೂ ಪಿಸಿಯಲ್ಲಿ ಪಿಎನ್‌ಜಿ ಚಿತ್ರವಾಗಿ ಮಾಡಿ ಪಿಕ್ಸ್ ಫೋಲ್ಡರ್‌ಗೆ ಸೇರಿಸಿದೆ. ಅಂಚು ಮಸುಕು ಮಾಡುವ ಆಂಟಿಅಲಿಯಾಸಿಂಗ್ ತೆಗೆದು, ಅಕ್ಷರದ ಎತ್ತರ 20 ಪಿಕ್ಸೆಲ್‌ಗಿಂತ ಇಳಿಸಬೇಡಿ, ಇಲ್ಲದಿದ್ದರೆ ಒತ್ತಕ್ಷರ ಮುದ್ದೆಯಾಗುತ್ತದೆ. ರೈತರ ಹೆಸರಿನ ಬದಲು ಖಾತೆ ಸಂಖ್ಯೆ ಸಾಕು.

ಪ್ಯಾಕೇಜ್ ಮಾಡುವುದು ಸುಲಭ. ಬೈನರಿಯನ್ನು ಸ್ಟ್ರಿಪ್ ಮಾಡಿ (ಓಡಲು ಬೇಡದ ಮಾಹಿತಿ ತೆಗೆದು), ಜೊತೆಗೆ ಡೆಸ್ಕ್‌ಟಾಪ್ ಕಡತ, ಚಿತ್ರಗಳು, ಕಂಟ್ರೋಲ್ ಕಡತ. ಕಂಟ್ರೋಲ್‌ನಲ್ಲಿ ಆರ್ಕಿಟೆಕ್ಚರ್ ಆರ್ಮ್ ಎಂದಿರಲಿ.

ವೈಫೈ ಆಸೆ ಬಿಟ್ಟುಬಿಡಿ. ಸಿಎಫ್ (ಕಾಂಪ್ಯಾಕ್ಟ್ ಫ್ಲ್ಯಾಶ್) ವೈಫೈ ಕಾರ್ಡ್ ಬ್ಯಾಟರಿ ಹೀರುತ್ತದೆ, ಈಗಿನ ರೂಟರ್‌ಗಳ ಜೊತೆ ಹೊಂದುವುದೂ ಕಷ್ಟ. ಅಭಿವೃದ್ಧಿ ಮಾಡುವಾಗ ಯುಎಸ್‌ಬಿ ಕೇಬಲ್ ಸಾಕು. ಲಿನಕ್ಸ್ ಕರ್ನಲ್‌ನಲ್ಲೇ ಝಾರಸ್ ಹೆಸರಿನ ಡ್ರೈವರ್ ಇದೆ, ಸಿಕ್ಕಿಸಿದರೆ ನೆಟ್‌ವರ್ಕ್ ಕಾರ್ಡ್‌ನಂತೆ ಕಾಣುತ್ತದೆ. ಆ ಕೇಬಲ್ ಮೂಲಕ ಲಾಗಿನ್ ಆಗಲು ಎಸ್‌ಎಸ್‌ಎಚ್ ಒಪ್ಪದಿದ್ದರೆ ಪಿಸಿ ಕಡೆ ಹಳೆಯ ಆರ್‌ಎಸ್‌ಎ-ಶಾ1 ಕೀ ಮತ್ತು ಡಿಫಿ-ಹೆಲ್‌ಮನ್ ಗ್ರೂಪ್ 1 ಎರಡನ್ನೂ ಆ ಒಂದು ವಿಳಾಸಕ್ಕೆ ಮಾತ್ರ ಅನುಮತಿಸಿ.

ಖಾಲಿ ಉಳಿದ ಸಿಎಫ್ ಜಾಗದಲ್ಲಿ ಫ್ಯಾಟ್ ಕಾರ್ಡ್ ಇಟ್ಟು, ಲೆಕ್ಕದ ಸಿಎಸ್‌ವಿ ಕಡತವನ್ನು ಅಲ್ಲೇ ಬರೆಸುತ್ತೇನೆ. ಪ್ರತಿ ತೂಕ ದಾಖಲಾದ ಕೂಡಲೇ ಎಫ್‌ಸಿಂಕ್, ಅಂದರೆ ತಡಮಾಡದೆ ಕಾರ್ಡ್‌ಗೇ ಬರೆಸುವುದು. ಸಂಜೆ ಕಾರ್ಡ್ ತೆಗೆದು ರೀಡರ್‌ಗೆ ಹಾಕಿದರೆ ಗುಮಾಸ್ತರ ವಿಂಡೋಸ್ ಪಿಸಿಯಲ್ಲಿ ಎಕ್ಸೆಲ್ ನೇರ ತೆರೆಯುತ್ತದೆ. ತಾರೀಖನ್ನು ವರ್ಷ-ತಿಂಗಳು-ದಿನ ಕ್ರಮದಲ್ಲೇ ಬರೆಸಿ, ಇಲ್ಲದಿದ್ದರೆ ಪಿಸಿಯ ಸೆಟ್ಟಿಂಗ್ ನೋಡಿಕೊಂಡು ಎಕ್ಸೆಲ್ ದಿನ, ತಿಂಗಳನ್ನು ಅದಲುಬದಲು ಮಾಡಿಬಿಡುತ್ತದೆ.