ಒಂಬತ್ತರೊಳಗಿನ ಎಂಟು

ಟೊರೊಂಟೊಗೆ ಬಂದ ಎರಡನೆಯ ಚಳಿಗಾಲದಲ್ಲಿ, ನಾಣ್ಯ ಮೇಳವೊಂದರ ಚಿಲ್ಲರೆ ಡಬ್ಬಿಯಿಂದ ನನ್ನ ಮೊದಲ ವಿಕ್ಟೋರಿಯಾ ಸೆಂಟನ್ನು, ಅಂದರೆ ವಿಕ್ಟೋರಿಯಾ ರಾಣಿಯ ತಲೆಯಿರುವ ಕೆನಡಾದ ಹಳೆಯ ಒಂದು ಸೆಂಟಿನ ನಾಣ್ಯವನ್ನು, ಆರಿಸಿಕೊಂಡೆ. ಇಸವಿ 1859. ಮನೆಗೆ ತಂದವನೇ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಅಮ್ಮ ತಾಮ್ರದ ಚೊಂಬು ಬೆಳಗುವುದನ್ನು ನೋಡುತ್ತ ಬೆಳೆದವನಿಗೆ ಬೇರೇನೂ ತೋಚಲಿಲ್ಲ. ನೂರೈವತ್ತು ವರ್ಷಗಳಲ್ಲಿ ಕಂಚಿನ ಮೇಲೆ ಕೂತ ಕಂದು ಬಣ್ಣ ಹತ್ತೇ ನಿಮಿಷದಲ್ಲಿ ಹೋಗಿ, ಹಸಿ ಗಾಯದಂಥ ನಸುಗೆಂಪು ಉಳಿಯಿತು. ಅದನ್ನು ಇಂದಿಗೂ ಇಟ್ಟುಕೊಂಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಈಗ ಜಿಡ್ಡಿದ್ದರೆ ಶುದ್ಧ ಅಸಿಟೋನಿನಲ್ಲಿ ಅದ್ದಿ ಆರಲು ಬಿಡುತ್ತೇನೆ, ಬಟ್ಟೆಯನ್ನೂ ಸೋಕಿಸುವುದಿಲ್ಲ.

ಕೆನಡಾ ಪ್ರಾಂತ್ಯ 1858ರಲ್ಲಿ ಡಾಲರ್ ಲೆಕ್ಕಕ್ಕೆ ಹೊರಳಿದಾಗ ಲಂಡನ್ನಿನ ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯವಿದು. ಒಂದು ಕಡೆ ಲಾರೆಲ್ ಎಲೆಯ ಮಾಲೆ ಧರಿಸಿದ ರಾಣಿಯ ತಲೆ, ಇನ್ನೊಂದು ಕಡೆ ಇಸವಿಯನ್ನು ಸುತ್ತುವರಿದ ಮೇಪಲ್ ಎಲೆಗಳ ಬಳ್ಳಿ. ಅಡ್ಡಳತೆ ಒಂದು ಅಂಗುಲ, ನೂರು ನಾಣ್ಯ ಕೂಡಿದರೆ ಒಂದು ಪೌಂಡ್ ತೂಕ. ಆದರೆ ಬ್ಯಾಂಕುಗಳು ನಾಣ್ಯದಂತೆ ಹೊರಡಿಸಿದ್ದ ದಪ್ಪ ಟೋಕನ್‌ಗಳಿಗೆ ಒಗ್ಗಿದ್ದ ಜನರಿಗೆ ಅದು ಹಗುರವೆನ್ನಿಸಿ ಹಿಡಿಸಲಿಲ್ಲ. 1858ರಲ್ಲಿ ಹೊಡೆದದ್ದು 4,21,000. ಮರುವರ್ಷ 95 ಲಕ್ಷಕ್ಕೂ ಮಿಕ್ಕಿ. ಹಾಗಾಗಿ 1859ರದ್ದು ಇಂದಿಗೂ ಸುಲಭವಾಗಿ ಸಿಗುತ್ತದೆ. ಅಷ್ಟು ನಾಣ್ಯಕ್ಕೆ ಬೇಕಾದ ಅಚ್ಚುಗಳೂ ಬಹಳ. ಅಚ್ಚುಭೇದ, ಅಂದರೆ ಅಚ್ಚಿನಿಂದ ಅಚ್ಚಿಗೆ ಬರುವ ಸಣ್ಣ ವ್ಯತ್ಯಾಸ, ಹುಡುಕುವವನಿಗೆ ಅದೇ ಸಮೃದ್ಧಿ.

ನನ್ನ ಕಣ್ಣು ಮೊದಲು ಹೋಗುವುದು ಕೊನೆಯ 9ರ ಮೇಲೆ. 1858ರ ಅಚ್ಚುಗಳು ಉಳಿದಿದ್ದವು. ಅವನ್ನು ಬಿಸಾಡದೆ 8ರ ಮೇಲೆಯೇ ಅಗಲವಾದ 9 ಅನ್ನು ಒತ್ತಿದರು. ಉಳಿದ ಬಹುಪಾಲು ನಾಣ್ಯಗಳಲ್ಲಿ ಕಿರಿದಾದ 9 ಇದೆ. ಕೆಲವದರಲ್ಲಿ ಆ ಕಿರಿದಾದ 9 ಅನ್ನೇ ಎರಡು ಬಾರಿ ಒತ್ತಿದ್ದಾರೆ. ಹಿಂದೆ ಅಂಥದ್ದೊಂದನ್ನು ಸಂಗ್ರಾಹಕರು 8ರ ಮೇಲಿನ 9 ಎಂದೇ ತಿಳಿದಿದ್ದರು.

ನಾನೂ ಮೊದಲ ವರ್ಷ ಎಡವಿದ್ದು ಇಲ್ಲಿಯೇ. ಜೋಡಿ ಗೆರೆ ಕಂಡದ್ದೆಲ್ಲ ಮರುಒತ್ತು, ಅಂದರೆ ಅಚ್ಚಿನಲ್ಲೇ ಅಂಕಿಯ ಮೇಲೆ ಮತ್ತೆ ಅಂಕಿ ಒತ್ತಿದ್ದು, ಎಂದು ಬರೆದಿಟ್ಟಿದ್ದೆ. ಹೊಡೆತದ ಕ್ಷಣದಲ್ಲಿ ಅಚ್ಚು ಅಲುಗಿದರೂ ಅಂಕಿ ಜೋಡಿಯಾಗಿ ಕಾಣುತ್ತದೆ. ಆದರೆ ಆ ಎರಡನೆಯ ಗೆರೆ ಚಪ್ಪಟೆ, ಅಂಕಿಯ ಪಕ್ಕದಲ್ಲಿ ಮೆಟ್ಟಿಲಿನಂತೆ ತಗ್ಗಾಗಿ ಕೂತಿರುತ್ತದೆ. ನಿಜವಾದ ಮರುಒತ್ತಿನಲ್ಲಿ ಹಳೆಯ ಅಂಕಿಗೂ ತನ್ನದೇ ಉಬ್ಬು ಇರುತ್ತದೆ, ತುದಿಗಳಲ್ಲಿ ಸೀಳು ಕಾಣುತ್ತದೆ. ಇದು ತಿಳಿದ ಮೇಲೆ ನೋಟ್‌ಬುಕ್ಕಿನ ಅರ್ಧಕ್ಕರ್ಧ ನಮೂದುಗಳನ್ನು ಹೊಡೆದುಹಾಕಿದೆ.

ಹತ್ತು ಪಟ್ಟಿನ ಭೂತಗನ್ನಡಿ ಸಾಕು. ಅದಕ್ಕಿಂತ ಮುಖ್ಯ ಬೆಳಕು. ಮೇಜಿನ ದೀಪವನ್ನು ನಾಣ್ಯದ ಮಟ್ಟಕ್ಕೆ ಇಳಿಸಿ, ಅಂಚು ಹಿಡಿದು ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತೇನೆ. ಒಂದು ಕೋನದಲ್ಲಿ ಏನೂ ಇರುವುದಿಲ್ಲ, ಕೂದಲೆಳೆಯಷ್ಟು ತಿರುಗಿಸಿದರೆ ನೆರಳು ಮೂಡುತ್ತದೆ. ಮೊದಲ ಸಲ 9ರ ಬಾಲದ ಪಕ್ಕದಲ್ಲಿ 8ರ ಕೆಳಹೊಟ್ಟೆ ಹಾಗೆ ಎದ್ದು ಬಂದಾಗ ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಆ 8 ಅನ್ನು ಒತ್ತಿದ ಕೈ, ಅದರ ಮೇಲೆ 9 ಒತ್ತಿದ ಕೈ ಎರಡೂ ನನ್ನ ಎದುರಿಗಿದ್ದವು. ತುಂಬ ಸವೆದ ನಾಣ್ಯ, ಬೆಲೆಯೂ ಹೆಚ್ಚಿಲ್ಲ. ಅದರ ಪುಟ್ಟ ಲಕೋಟೆಯ ಮೇಲೆ ದಿನಾಂಕ, ತೂಕ, ಗುರುತು ಕಂಡ ಕೋನ ಮೂರನ್ನೂ ಪೆನ್ಸಿಲಿನಲ್ಲಿ ಬರೆದೆ. ಆಮೇಲೆ ಹಳೆಯ ರಾಶಿಯನ್ನೆಲ್ಲ ಮತ್ತೆ ಮೇಜಿನ ಮೇಲೆ ಸುರಿದುಕೊಂಡೆ.